ಕುಮರಿ ನಿಂತ ಗುಡ್ಡಗಳಲ್ಲಿ ಬೆಂಕಿ: ಉತ್ತರ ಕನ್ನಡದ ಒಂದು ಪ್ರಕರಣ ಅಧ್ಯಯನ

ಪ್ರತಿ ವರ್ಷ ಜನವರಿ ಕಳೆದು ಕರಾವಳಿಯಲ್ಲಿ ಸೆಕೆ ಏರತೊಡಗಿದಂತೆ ಉತ್ತರ ಕನ್ನಡದ ಕಾಡುಗಳಲ್ಲಿ ಎರಡು ಬಗೆಯ ಬೆಂಕಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದು ಅರಣ್ಯ ಇಲಾಖೆಯ ಬೆಂಕಿ. ಬೆಂಕಿ ರೇಖೆ ಮಾಡಲೆಂದು ಇಲಾಖೆಯ ಕಾವಲುಗಾರರು ರಸ್ತೆಯಂಚಿನ ಮತ್ತು ನೆಡುತೋಪಿನ ಸುತ್ತಲಿನ ಒಣಹುಲ್ಲು, ತರಗೆಲೆಗಳನ್ನು ಗೆರೆ ಎಳೆದಂತೆ ಸುಡುತ್ತಾರೆ. ಎರಡನೆಯದು ಮಾರ್ಚ್–ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ, ಯಾರು ಹಚ್ಚಿದರು ಎಂಬುದು ಕೊನೆಗೂ ಗೊತ್ತಾಗದೆ, ಇಡೀ ಗುಡ್ಡವನ್ನೇ ಹಬ್ಬಿಕೊಂಡು ಹೋಗುವ ಕಾಳ್ಗಿಚ್ಚು. ಇವೆರಡೂ ಅಲ್ಲದ ಮೂರನೆಯ ಬಗೆಯ ಬೆಂಕಿಯೊಂದು ಈ ಜಿಲ್ಲೆಯಲ್ಲಿ ಶತಮಾನಗಳ ಕಾಲ ಇತ್ತು. ಅದಕ್ಕೆ ಜಾಗ, ದಿನ, ಹೊತ್ತು, ಹಚ್ಚುವವರು, ಕಾಯುವವರು ಎಲ್ಲವೂ ಮೊದಲೇ ನಿಗದಿಯಾಗಿರುತ್ತಿದ್ದವು. ಕರಾವಳಿಯ ಹಾಲಕ್ಕಿ ಒಕ್ಕಲಿಗರು, ಘಟ್ಟದ ಮೇಲಿನ ಕುಣಬಿಗಳು ಮತ್ತು ಕುಮರಿ ಮರಾಠಿಗರು ಅದನ್ನು ತಮ್ಮ ಕುಮರಿ ಬೇಸಾಯದ, ಅಂದರೆ ಗುಡ್ಡದ ಕಾಡನ್ನು ಸವರಿ ಸುಟ್ಟು ಬಿತ್ತಿ ಬಳಿಕ ಜಾಗ ಬದಲಿಸುವ ಬೇಸಾಯದ, ಭಾಗವಾಗಿ ಬಳಸುತ್ತಿದ್ದರು. ಆ ಬೆಂಕಿಯನ್ನು ಏಕೆ ನಿಲ್ಲಿಸಲಾಯಿತು, ನಿಂತ ಮೇಲೆ ಕಾಡಿನಲ್ಲಿ ಏನಾಯಿತು, ಅದರ ಹಿಂದಿದ್ದ ತಿಳಿವಳಿಕೆಯಲ್ಲಿ ಈಗ ಬಳಸಬಹುದಾದದ್ದು ಏನಿದೆ ಎಂಬುದನ್ನು ಈ ಬರಹ ಪರಿಶೀಲಿಸುತ್ತದೆ.

ಕುಮರಿಯ ಕ್ರಮ ಹೀಗಿತ್ತು. ಸುಗ್ಗಿ ಮುಗಿದ ಮೇಲೆ, ಚಳಿಗಾಲದಲ್ಲಿ, ಗುಡ್ಡದ ಇಳಿಜಾರಿನ ಒಂದು ತುಂಡನ್ನು ಆಯ್ದು ಅಲ್ಲಿನ ಪೊದೆ, ಬಳ್ಳಿ, ಸಣ್ಣ ಮರಗಳನ್ನು ಕತ್ತಿಯಿಂದ ಸವರಿ ಬಿಸಿಲಿಗೆ ಬಿಡುತ್ತಿದ್ದರು. ದೊಡ್ಡ ಮರಗಳ ಟೊಂಗೆಗಳನ್ನಷ್ಟೇ ಕಡಿಯುತ್ತಿದ್ದರು. ಮಾವು, ಹಲಸು, ಮುರುಗಲು, ಬೈನೆಯಂತಹ ಉಪಯೋಗದ ಮರಗಳನ್ನು ಉಳಿಸಿಕೊಳ್ಳುವುದಿತ್ತು. ಎರಡು ಮೂರು ತಿಂಗಳು ಒಣಗಿದ ಆ ರಾಶಿಗೆ ಮಳೆಗಾಲಕ್ಕೆ ಮುನ್ನ ಬೆಂಕಿ ಕೊಟ್ಟು, ಮೊದಲ ಮಳೆ ಬಿದ್ದೊಡನೆ ಬೂದಿಯ ಮೇಲೆಯೇ ರಾಗಿ, ಸಾಮೆ, ತೊಗರಿ, ಹರಳು ಬಿತ್ತುತ್ತಿದ್ದರು. ನೇಗಿಲು ಹೂಡುವ ಪ್ರಶ್ನೆಯೇ ಇರಲಿಲ್ಲ. ಇಳಿಜಾರಿನಲ್ಲಿ ನೇಗಿಲು ಹೊಡೆದರೆ ಆಷಾಢದ ಮಳೆಗೆ ಮಣ್ಣು ಉಳಿಯುವುದಿಲ್ಲ. ಕಡಿದ ಮರದ ಬುಡ ಮತ್ತು ಬೇರುಗಳು ನೆಲದಲ್ಲಿ ಹಾಗೆಯೇ ಇದ್ದು ಮಣ್ಣನ್ನು ಹಿಡಿದುಕೊಳ್ಳುತ್ತಿದ್ದವು, ಬೆಳೆ ಮುಗಿದ ಮೇಲೆ ಅವೇ ಮತ್ತೆ ಚಿಗುರುತ್ತಿದ್ದವು. ಮೊದಲ ವರ್ಷ ಒಳ್ಳೆಯ ಫಸಲು, ಎರಡನೆಯ ವರ್ಷ ಅಷ್ಟಕ್ಕಷ್ಟೆ, ಅನಂತರ ಆ ತುಂಡನ್ನು ಹಕ್ಕಲು ಬಿಟ್ಟು ಬೇರೆಡೆಗೆ ಹೋಗುವುದು. ಬಿಟ್ಟ ಜಾಗಕ್ಕೆ ಮತ್ತೆ ಕತ್ತಿ ತರುವುದು ಹನ್ನೆರಡರಿಂದ ಇಪ್ಪತ್ತು ವರ್ಷಗಳ ಬಳಿಕವೇ.

ಇಲ್ಲಿ ಬೆಂಕಿ ಮಾಡುತ್ತಿದ್ದ ಕೆಲಸವೇನೆಂಬುದನ್ನು ಬಿಡಿಸಿ ನೋಡಬೇಕು. ಕರಾವಳಿಯ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಅದರಲ್ಲಿರುವ ಸಾರವನ್ನು ತೊಳೆದುಕೊಂಡು ಹೋಗುತ್ತದೆ, ಉಳಿದ ಸಾರ ಇರುವುದು ಹೆಚ್ಚಾಗಿ ಮರಗಿಡಗಳ ಒಡಲಲ್ಲಿ. ಸುಟ್ಟಾಗ ಆ ಗಿಡಗಳಲ್ಲಿದ್ದ ಪೊಟ್ಯಾಶ್, ಸುಣ್ಣ, ರಂಜಕಗಳು ಬೆಳೆಗೆ ಕೂಡಲೇ ದಕ್ಕುವ ರೂಪದಲ್ಲಿ ನೆಲಕ್ಕೆ ಬರುತ್ತವೆ. ಮಣ್ಣಿನ ಹುಳಿ ತಗ್ಗುತ್ತದೆ, ಮೇಲ್ಮಣ್ಣಿನ ಕಳೆಬೀಜ ಮತ್ತು ಹುಳುಮೊಟ್ಟೆಗಳು ಸಾಯುತ್ತವೆ. ನಷ್ಟವೂ ಇದೆ. ಸಾರಜನಕದ ದೊಡ್ಡ ಪಾಲು ಹೊಗೆಯಾಗಿ ಹೋಗುತ್ತದೆ, ಮೊದಲ ಮಳೆಯೇ ಜೋರಾಗಿ ಹೊಡೆದರೆ ಬೂದಿಯೂ ಹಳ್ಳ ಸೇರುತ್ತದೆ. ಈ ನಷ್ಟವನ್ನು ತುಂಬಿಕೊಡುತ್ತಿದ್ದುದು ಹಕ್ಕಲು ಬಿಟ್ಟ ದೀರ್ಘ ಅವಧಿ. ಆ ಅವಧಿ ಕುಗ್ಗಿದಲ್ಲಿ ಕುಮರಿ ನೆಲವನ್ನು ಬರಡು ಮಾಡುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದ್ದರಿಂದ ಕುಮರಿಯ ಬಗ್ಗೆ ಮಾತನಾಡುವಾಗ ಬೆಂಕಿಯನ್ನಷ್ಟೇ ನೋಡಿ ತೀರ್ಪು ಕೊಡುವುದು ಸರಿಯಲ್ಲ. ಬೆಂಕಿಗೂ ಬೆಂಕಿಗೂ ನಡುವಿನ ವರ್ಷಗಳನ್ನು ಎಣಿಸಬೇಕು.

ಬೆಂಕಿ ಹಚ್ಚುವ ಕೌಶಲವನ್ನು ಈಗಲೂ ಹಳ್ಳಿಗಳಲ್ಲಿ ಸಣ್ಣ ಪ್ರಮಾಣದಲ್ಲಿ ನೋಡಬಹುದು. ಬ್ಯಾಣದ (ಹುಲ್ಲುಗಾವಲಿನ) ಅಂಚನ್ನೋ ಗದ್ದೆಯ ಮೇಲಿನ ಹಕ್ಕಲನ್ನೋ ಸುಡುವ ಹಿರಿಯರು ಮಧ್ಯಾಹ್ನ ಕಡ್ಡಿ ಗೀರುವುದಿಲ್ಲ. ಹಗಲಿನಲ್ಲಿ ಗಾಳಿ ಕಡಲಿನಿಂದ ಘಟ್ಟದ ಕಡೆಗೆ ಬೀಸುತ್ತದೆ. ಇಳಿಜಾರಿನಲ್ಲಿ ಬೆಂಕಿಯ ಸ್ವಭಾವವೂ ಮೇಲಕ್ಕೆ ಏರುವುದೇ, ಏಕೆಂದರೆ ಜ್ವಾಲೆ ತನ್ನ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುತ್ತದೆ. ಗಾಳಿ ಮತ್ತು ಇಳಿಜಾರು ಎರಡೂ ಒಂದೇ ದಿಕ್ಕಿಗೆ ಸೇರಿದರೆ ಅದನ್ನು ಹಿಡಿಯುವವರಿಲ್ಲ. ಅದಕ್ಕಾಗಿ ಸಂಜೆ ಕಡಲಗಾಳಿ ತಗ್ಗಿ, ಹುಲ್ಲಿಗೆ ತುಸು ತಂಪು ತಾಗಿದ ಹೊತ್ತು ನೋಡಿ, ಸುಡಬೇಕಾದ ತುಂಡಿನ ಮೇಲಿನ ಅಂಚಿನಲ್ಲಿ ಕೈಮಾರು ಅಗಲಕ್ಕೆ ತರಗೆಲೆ ಗುಡಿಸಿ, ಅಲ್ಲಿಂದ ಹಚ್ಚುತ್ತಾರೆ. ಬೆಂಕಿ ಮೊಣಕಾಲೆತ್ತರ ಮೀರದೆ ನಿಧಾನವಾಗಿ ಕೆಳಗಿಳಿಯುತ್ತದೆ. ಎರಡು ಬದಿಯಲ್ಲಿ ಹಸಿ ಸೊಪ್ಪಿನ ಗೊಂಚಲು ಹಿಡಿದವರು ಅದರ ಜೊತೆಗೇ ಇಳಿಯುತ್ತಾ ಗಡಿ ದಾಟಿದ ನಾಲಿಗೆಯನ್ನು ಬಡಿದು ಆರಿಸುತ್ತಾರೆ. ಕೊನೆಗೆ ಹೊಗೆಯಾಡುವ ಕೊರಡುಗಳನ್ನು ಒಂದೊಂದಾಗಿ ಹೊರಳಿಸಿ ನೋಡದೆ ಮನೆಗೆ ಹೋಗುವುದಿಲ್ಲ. ಇದನ್ನು ಹತ್ತಿರ ನಿಂತು ನೋಡಿದವರಿಗೆ ಕಾಳ್ಗಿಚ್ಚಿಗೂ ಇದಕ್ಕೂ ಇರುವ ಅಂತರ ವಿವರಿಸಬೇಕಾಗಿಲ್ಲ.

ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಕುಮರಿ ಕಡಿಯುತ್ತಿದ್ದ ಇದೇ ಜನ, ಇದೇ ಗುಡ್ಡಗಳ ನಡುವೆ, ಬೆಂಕಿ ಸುಳಿಯಬಾರದ ಜಾಗಗಳನ್ನೂ ಗುರುತಿಸಿಟ್ಟಿದ್ದರು. ಅವೇ ಕಾನುಗಳು. ಚೌಡಿ, ಜಟಕ, ಭೂತಪ್ಪ, ಹುಲಿದೇವರ ಹೆಸರಿನಲ್ಲಿ ಉಳಿದ ಈ ನಿತ್ಯಹರಿದ್ವರ್ಣ ಕಾಡುಗಳಿಗೆ ಕತ್ತಿ ಹಾಕುವುದು, ಕಿಡಿ ಹಾರಿಸುವುದು ನಿಷಿದ್ಧವಾಗಿತ್ತು. ಕಾನಿನ ಬುಡದಲ್ಲಿ ಹಳ್ಳ ಹುಟ್ಟುತ್ತದೆ, ಹಳ್ಳದ ಕೆಳಗೆ ಗದ್ದೆ ಅಥವಾ ಅಡಿಕೆ ತೋಟವಿರುತ್ತದೆ. ಕಾನು ಸುಟ್ಟರೆ ಬೇಸಿಗೆಯಲ್ಲಿ ನೀರಿಲ್ಲ. ಕಾನಿನೊಳಗೆ ಮೆಣಸಿನ ಬಳ್ಳಿ, ಉಪ್ಪಾಗೆ, ಬೈನೆ, ಜೇನು ದೊರೆಯುತ್ತಿದ್ದವು. ನೆರಳು ಮತ್ತು ತೇವದಿಂದಾಗಿ ಕಾನಿನ ಅಂಚಿಗೆ ಬಂದ ಬೆಂಕಿ ತಾನಾಗಿ ಸಾಯುತ್ತಿತ್ತು. ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಮಾಧವ ಗಾಡ್ಗೀಳ್ ಅವರು ಉತ್ತರ ಕನ್ನಡದ ಕಾನುಗಳ ಬಗ್ಗೆ ನಡೆಸಿದ ಅಧ್ಯಯನಗಳು, ಇವು ಬೇಸಾಯದ ಬಯಲುಗಳ ನಡುವೆ ಜನರು ತಿಳಿದೇ ಉಳಿಸಿಕೊಂಡ ರಕ್ಷಣೆಯ ಕಾಡುಗಳು ಎಂಬುದನ್ನು ತೋರಿಸಿಕೊಟ್ಟಿವೆ. ಸಿದ್ದಾಪುರದ ಕತ್ತಲೆಕಾನಿನ ರಾಂಪತ್ರೆ ಜಡ್ಡಿಗೆ, ಅಂದರೆ ರಾಂಪತ್ರೆ ಮರಗಳ ಜೌಗು ಕಾಡಿಗೆ, ಹೋದವರು ಇದನ್ನು ಕಣ್ಣಾರೆ ಕಾಣಬಹುದು. ನಿಂತ ನೀರಿನ ಕೆಸರಿನಿಂದ ಮಂಡಿಯಂತೆ ಮಡಚಿ ಮೇಲೆದ್ದ ಉಸಿರಾಟದ ಬೇರುಗಳು, ತೆಳುತೊಗಟೆಯ ಮರಗಳು, ಅವುಗಳ ಮೇಲೆ ಸಿಂಗಳೀಕಗಳು. ಒಂದೇ ಒಂದು ಬೆಂಕಿ ಹೊಕ್ಕರೂ ಆ ತೊಗಟೆಗಳು ತಡೆಯಲಾರವು. ಅದೇ ಜಡ್ಡಿಯಿಂದ ಸ್ವಲ್ಪ ದೂರದ ಒಣ ಇಳಿಜಾರಿನಲ್ಲಿ ಮತ್ತಿ ಮರ ನಿಂತಿರುತ್ತದೆ, ಮೊಸಳೆಯ ಬೆನ್ನಿನಂತೆ ದಪ್ಪಗೆ ಸೀಳಿದ ಅದರ ತೊಗಟೆ ಹಲವು ಬೆಂಕಿಗಳನ್ನು ದಾಟಿ ಬಂದಿರುತ್ತದೆ. ಇವೆರಡೂ ಕಾಡುಗಳನ್ನು ಒಂದೇ ಕಾನೂನಿನಡಿ, ಒಂದೇ ಬೆಂಕಿ ನೀತಿಯಿಂದ ಕಾಯುವುದು ಸಾಧ್ಯವಿಲ್ಲ ಎಂಬುದು ಕುಮರಿಯವರಿಗೆ ಗೊತ್ತಿತ್ತು.

ಕುಮರಿಯನ್ನು ನಿಷ್ಕಳಂಕವೆಂದು ಚಿತ್ರಿಸುವುದು ನನ್ನ ಉದ್ದೇಶವಲ್ಲ. ಕಾರವಾರದ ಆಚೆಯ ಕಡಲತಳದಿಂದ ತೆಗೆದ ಕೆಸರಿನಲ್ಲಿನ ಪರಾಗವನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟವಾದ ಅಧ್ಯಯನವು, ಸುಮಾರು 3500 ವರ್ಷಗಳ ಹಿಂದಿನಿಂದ ಈ ಸೀಮೆಯಲ್ಲಿ ದಟ್ಟ ಕಾಡು ಹಿಂಜರಿದದ್ದನ್ನು ಗುರುತಿಸಿ, ಅದಕ್ಕೆ ಹವೆ ಒಣಗಿದ್ದು ಕಾರಣವೆಂದಿತು. ಹವೆಯ ಜೊತೆಗೆ ಮನುಷ್ಯನ ಕತ್ತಿ ಮತ್ತು ಬೆಂಕಿಯೂ ಕಾರಣವಾಗಿರಬೇಕೆಂದು ವಾದಿಸಿದವರಿದ್ದಾರೆ, ಮತ್ತು ಆ ವಾದ ನನಗೆ ಒಪ್ಪಿಗೆಯಾಗಿದೆ. ಇಂದು ನಾವು ಕಾಣುವ ಮತ್ತಿ, ಹೊನ್ನೆ, ನಂದಿ, ಕಿಂದಳ, ಸಾಗವಾನಿಗಳ ಎಲೆಯುದುರುವ ಕಾಡಿನ ಎಷ್ಟೋ ಭಾಗ ಹಳೆಯ ಹಕ್ಕಲುಗಳ ಮೇಲೆ ಬೆಳೆದದ್ದು. ಬ್ರಿಟಿಷರು ಯಾವ ಸಾಗವಾನಿಗಾಗಿ ಕುಮರಿಯನ್ನು ನಿಲ್ಲಿಸಿದರೋ ಆ ಮರಕ್ಕೆ ಬೇಕಾದ ಬಿಸಿಲನ್ನು ಒದಗಿಸಿದ್ದರಲ್ಲಿ ಕುಮರಿಯ ಪಾಲೂ ಇದೆ.

ನಿಷೇಧ ಬಂದದ್ದು ಹೀಗೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿದಾಗ ಕುಮರಿ ಸಾಮಾನ್ಯ ಬೇಸಾಯವಾಗಿತ್ತು, ಸರಕಾರಕ್ಕೆ ಅದರಿಂದ ಕಂದಾಯವೂ ಬರುತ್ತಿತ್ತು. ಮುಂದಿನ ದಶಕಗಳಲ್ಲಿ ಹಡಗಿಗೆ, ಆಮೇಲೆ ರೈಲು ಹಳಿಗೆ ಮರ ಬೇಕಾಯಿತು. 1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ಕುಮರಿಯನ್ನು ಮರದ ಶತ್ರುವೆಂದು ಪರಿಗಣಿಸಿದರು. 1860ರಲ್ಲಿ ಮದ್ರಾಸ್ ಸರಕಾರ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ಎರಡು ವರ್ಷಗಳ ಬಳಿಕ, 1862ರಲ್ಲಿ, ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆಯಡಿ ಗುಡ್ಡಗಳು ಮೀಸಲು ಅರಣ್ಯಗಳಾದವು. ಕುಮರಿ ಒಮ್ಮೆಗೇ ನಿಲ್ಲಲಿಲ್ಲ, ಅನುಮತಿಯ ಮೇಲೆ ಅಲ್ಲಲ್ಲಿ ಉಳಿದು ಕ್ರಮೇಣ ಕರಗಿತು. ಅನಂತರ ಬಂದ 1927ರ ಭಾರತೀಯ ಅರಣ್ಯ ಕಾಯ್ದೆಯ 10ನೇ ಕಲಮು ಕುಮರಿ ಬಗೆಯ ಬೇಸಾಯವನ್ನು ಸರಕಾರ ಬೇಕೆಂದಾಗ ನಿಯಂತ್ರಿಸಬಹುದಾದ, ರದ್ದುಪಡಿಸಬಹುದಾದ ಸವಲತ್ತು ಎಂದಷ್ಟೇ ಕಾಣುತ್ತದೆ, ಹಕ್ಕು ಎಂದು ಒಪ್ಪುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಬೆಳೆಗಾರರ ವಿಷಯದಲ್ಲಿ ಅದೇ ಆಡಳಿತ ಬೇರೆ ರೀತಿ ನಡೆದುಕೊಂಡಿತು. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ದೊರೆಯಿತು, ಅದು ದಾಖಲೆಗೂ ಏರಿತು. ಬೆಟ್ಟದಲ್ಲಿ ಮಾಘ ಮಾಸದ ಹೊತ್ತಿಗೆ ದರಕು ಗುಡಿಸಿ ಹೊತ್ತು ತಂದು ಕೊಟ್ಟಿಗೆಗೆ ಹಾಸುವುದು ಇಂದಿಗೂ ನಡೆದಿರುವ ಕೆಲಸ. ಬೆಂಕಿಗೆ ಆಹಾರವಾಗಬಹುದಾದ ತರಗೆಲೆ ಅಲ್ಲಿ ಗೊಬ್ಬರವಾಗುತ್ತದೆ. ಅಂದರೆ ಬೆಟ್ಟದಲ್ಲಿ ಪೊರಕೆ ಮಾಡುತ್ತಿದ್ದ ಕೆಲಸವನ್ನೇ ಒಣ ಗುಡ್ಡದಲ್ಲಿ ಸಣ್ಣ ಬೆಂಕಿ ಮಾಡುತ್ತಿತ್ತು. ಪೊರಕೆಗೆ ಕಾನೂನಿನ ಮಾನ್ಯತೆ ಸಿಕ್ಕಿತು, ಬೆಂಕಿಗೆ ಸಿಗಲಿಲ್ಲ. ಭೂಮಿ ಇದ್ದವರ ಕ್ರಮ ಉಳಿದು ಭೂಮಿಯ ಪಟ್ಟೆ ಇಲ್ಲದವರ ಕ್ರಮ ಅಪರಾಧವಾದದ್ದನ್ನು ಆಕಸ್ಮಿಕವೆಂದು ನಾನು ಭಾವಿಸಲಾರೆ. ಕುಮರಿ ಕಳೆದುಕೊಂಡ ಕುಟುಂಬಗಳು ಗೇಣಿಗೆ, ಕೂಲಿಗೆ ಇಳಿದವು, ಕೆಲವರು ತಾವು ಹಿಂದೆ ರಾಗಿ ಬಿತ್ತಿದ್ದ ಗುಡ್ಡದಲ್ಲೇ ಇಲಾಖೆಗಾಗಿ ಸಾಗವಾನಿ ನೆಟ್ಟರು.

ಕುಮರಿ ನಿಂತ ಮೇಲೆ ಬೆಂಕಿ ನಿಂತಿತೇ ಎಂದರೆ ಇಲ್ಲ. ಅದರ ಕಾಲ ಬದಲಾಯಿತು, ಒಡೆಯರಿಲ್ಲದಂತಾಯಿತು. ಗುಡ್ಡಗಳ ಮೇಲೆ ಉರಿಯುವ ಸರಕೂ ಹೆಚ್ಚಿತು. ಹಕ್ಕಲುಗಳ ಜಾಗದಲ್ಲಿ ಒಂದೇ ಜಾತಿಯ ನೆಡುತೋಪುಗಳು ಬಂದವು. ಜಂಬಿಟ್ಟಿಗೆ ಬಯಲುಗಳ ಮೇಲೆ ಎಪ್ಪತ್ತು–ಎಂಬತ್ತರ ದಶಕದಿಂದೀಚೆಗೆ ಅಕೇಶಿಯಾ ಹಬ್ಬಿತು, ಅದರ ಗಟ್ಟಿ ಎಲೆಗಳು ಬೇಗ ಕೊಳೆಯುವುದಿಲ್ಲ, ದನಗಳು ತಿನ್ನುವುದಿಲ್ಲ. ಬಿಸಿಲು ಬೀಳುವ ಕಡೆಯೆಲ್ಲ ಯುಪಟೋರಿಯಂ ಎಂಬ ಕಳೆಗಿಡ ಆಳೆತ್ತರ ಬೆಳೆದು ಬೇಸಿಗೆಗೆಲ್ಲ ಒಣಗಿ ನಿಲ್ಲುತ್ತದೆ. ಕರಡ ಹುಲ್ಲು ಕೊಯ್ಯುವ ಬ್ಯಾಣಗಳು, ಹಂಚಿನ ಮಾಡು ಬಂದು ಹುಲ್ಲಿನ ಮಾಡು ಹೋದಂತೆಯೂ ಕೊಟ್ಟಿಗೆಯ ದನಗಳು ಕಡಿಮೆಯಾದಂತೆಯೂ ಕೊಯ್ಯುವವರಿಲ್ಲದೆ ನಿಂತವು. ಇಂತಹ ಗುಡ್ಡಕ್ಕೆ ಏಪ್ರಿಲ್ ಮಧ್ಯಾಹ್ನ ಒಂದು ಬೀಡಿ ತುಂಡು ಬಿದ್ದರೂ ಸಾಕು, ಹಳೆಯ ಕಾಲದಲ್ಲಿ ಕಾನಿನ ಅಂಚಿನಲ್ಲಿ ಸಾಯುತ್ತಿದ್ದ ಬೆಂಕಿ ಈಗ ಅಂಚನ್ನು ಒಣಗಿಸಿ ಒಳಗೆ ಕಾಲಿಡುತ್ತದೆ. ಪ್ರತಿ ಬೇಸಿಗೆ ಕಾನು ಒಂದಿಷ್ಟು ಕುಗ್ಗುವುದು ಹೀಗೆ.

ನಮ್ಮದೇ ರಾಜ್ಯದ ಇನ್ನೊಂದು ಮೂಲೆಯ ಅನುಭವವನ್ನು ಇಲ್ಲಿ ಜೋಡಿಸಿ ನೋಡಬೇಕು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜನವರಿ–ಫೆಬ್ರವರಿಯಲ್ಲಿ ತರಗು ಬೆಂಕಿ ಹಾಕುತ್ತಿದ್ದರು, ನೆಲದ ತರಗನ್ನಷ್ಟೇ ಸುಟ್ಟು ಹೋಗುವ ತಣ್ಣನೆಯ ಬೆಂಕಿ ಅದು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಬೆಂಕಿ ನಿಂತ ಮೇಲೆ ಲಂಟಾನ ಬೆಳೆಯಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹಬ್ಬಿತು ಎಂದು ಸೋಲಿಗರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. 1997 ಮತ್ತು 2008ರ ನಡುವೆ ಆ ಕಾಡಿನಲ್ಲಿ ನಡೆದ ಅಳತೆಗಳಲ್ಲಿ ಲಂಟಾನ ಕಂಡುಬಂದ ತಾಣಗಳ ಪ್ರಮಾಣ ಬಹುತೇಕ ಇಮ್ಮಡಿಯಾಗಿತ್ತು. ಸಂಶೋಧಕರು ಸೋಲಿಗರ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಪರಿಶೀಲಿಸಿದ್ದು ಅನಂತರವೇ. ದೂರದ ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಬೆಂಕಿ ಪದ್ಧತಿಗೆ ಸರಕಾರದ ಮನ್ನಣೆ ದೊರೆತಿದೆ. ಅಲ್ಲಿನ ಉತ್ತರ ಭಾಗದ ಪಶ್ಚಿಮ ಆರ್ನ್‌ಹೆಮ್ ಲ್ಯಾಂಡ್‌ನಲ್ಲಿ 2006ರಿಂದ ಸುಮಾರು 28,000 ಚದರ ಕಿಲೋಮೀಟರ್ ನೆಲದಲ್ಲಿ ಮೂಲನಿವಾಸಿ ರಕ್ಷಕರು ಒಣಗಾಲದ ಆರಂಭದಲ್ಲೇ ತುಂಡು ತುಂಡಾಗಿ ಸುಟ್ಟು, ಕೊನೆಯ ತಿಂಗಳುಗಳ ದೊಡ್ಡ ಬೆಂಕಿಯನ್ನು ತಗ್ಗಿಸುತ್ತಿದ್ದಾರೆ, ತಗ್ಗಿದ ಹೊಗೆಯ ಲೆಕ್ಕಕ್ಕೆ ಅವರಿಗೆ ಹಣ ಸಂದಾಯವಾಗುತ್ತದೆ. ಆದರೆ ಅದು ಹುಲ್ಲುಗಾವಲಿನ ಸವನ್ನಾ ನೆಲ. ಅಲ್ಲಿನ ಕ್ರಮವನ್ನು ಹೊನ್ನಾವರದ ಘಟ್ಟಕ್ಕೆ ಹಾಗೆಯೇ ತಂದಿಟ್ಟರೆ ಅನಾಹುತವಾದೀತು. ಅಲ್ಲಿಂದ ಎರವಲು ತರಬಹುದಾದದ್ದು ಆಡಳಿತದ ಏರ್ಪಾಡು ಮಾತ್ರ: ಬೆಂಕಿಯ ತಿಳಿವಳಿಕೆ ಇರುವವರನ್ನು ಆರೋಪಿಗಳ ಸಾಲಿನಿಂದ ತೆಗೆದು ನಿರ್ಧಾರದ ಮೇಜಿಗೆ ಕೂರಿಸುವುದು.

ಉತ್ತರ ಕನ್ನಡದಲ್ಲಿ ಈ ಜನರ ಕಾಡಿನ ತಿಳಿವಳಿಕೆಯನ್ನು ಯಾರೂ ಗೌರವಿಸಿಲ್ಲ ಎನ್ನುವಂತಿಲ್ಲ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ದಶಕಗಳ ಕಾಲ ಇಲಾಖೆಯ ಸಸ್ಯಪಾಲನಾ ಕೇಂದ್ರದಲ್ಲಿ ದಿನಗೂಲಿಯಾಗಿ ದುಡಿದವರು. ಯಾವ ಮರದ ಬೀಜ ಯಾವಾಗ ಆಯಬೇಕು, ಹೇಗೆ ಮೊಳೆಯಿಸಬೇಕು ಎಂಬ ಅವರ ಅರಿವಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಇಡೀ ನಾಡು ಮರುಗಿತು. ಬೀಜದ ಬಗೆಗಿನ ಹಾಲಕ್ಕಿಗಳ ಅರಿವನ್ನು ನಾವು ಹೀಗೆ ಗುರುತಿಸಿದೆವು. ಅದೇ ಕೊಪ್ಪಗಳಲ್ಲಿ (ಹಾಲಕ್ಕಿಗಳ ಕೇರಿಗಳಲ್ಲಿ), ಅದೇ ತಲೆಮಾರಿನವರಲ್ಲಿ ಬೆಂಕಿಯ ಬಗೆಗಿದ್ದ ಅರಿವನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಆಗಬೇಕಾದ ಪ್ರಮಾಣದಲ್ಲಿ ಆಗಿಲ್ಲ. ಬೆಂಕಿಯ ವಿಷಯ ತೆಗೆದರೆ ಮೊಕದ್ದಮೆ ಬೀಳಬಹುದೆಂಬ ಅಂಜಿಕೆಯಿಂದ ಹಿರಿಯರು ಬಾಯಿ ಬಿಡುವುದಿಲ್ಲ, ಆ ಅಂಜಿಕೆಗೆ ಕಾರಣವೂ ಇದೆ. ಫೆಬ್ರವರಿಯಿಂದ ಮೇವರೆಗೆ ಬೆಂಕಿ ಕಾವಲಿಗೆ ದಿನಗೂಲಿಯ ಮೇಲೆ ಬರುವವರು ಅನೇಕ ಕಡೆ ಇದೇ ಮನೆಗಳ ಹುಡುಗರು. ಅವರ ಕೈಗೆ ಇಲಾಖೆ ಊದುಯಂತ್ರ ಕೊಡುತ್ತದೆ, ಎಲ್ಲಿಂದ ಹಚ್ಚಬೇಕೆಂದು ಅವರ ಅಜ್ಜನನ್ನು ಕೇಳುವುದಿಲ್ಲ.

ಕಾನೂನಿನ ದಾರಿ ಪೂರ್ತಿ ಮುಚ್ಚಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತದೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಕುಣಬಿ ಹಳ್ಳಿಗಳಿಗೆ ಅದು ಅನ್ವಯಿಸುತ್ತದೆ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯು ಪರಂಪರೆಯಿಂದ ಕಾಯ್ದುಕೊಂಡು ಬಂದ ಸಮುದಾಯ ಅರಣ್ಯವನ್ನು ರಕ್ಷಿಸುವ, ನಿರ್ವಹಿಸುವ ಹಕ್ಕನ್ನು ಗ್ರಾಮಸಭೆಗೆ ಕೊಟ್ಟಿದೆ. ಇಲ್ಲಿ ಒಂದು ದೊಡ್ಡ ತೊಡಕಿದೆ. ಈ ಜಿಲ್ಲೆಯ ಇನ್ನೊಂದು ಕಾಡಿನ ಸಮುದಾಯವಾದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಾಲಕ್ಕಿಗಳ ಮತ್ತು ಕುಣಬಿಗಳ ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಉಳಿದಿದೆ. ಪಂಗಡದ ಪಟ್ಟಿಯಲ್ಲಿಲ್ಲದವರು 75 ವರ್ಷಗಳ ವಾಸ್ತವ್ಯವನ್ನು ಸಾಬೀತುಪಡಿಸಬೇಕು. ಕುಮರಿಗಾಗಿ ಜಾಗ ಬದಲಿಸುತ್ತಿದ್ದ, ಆಮೇಲೆ ಕುಮರಿಯಿಂದಲೇ ಹೊರದಬ್ಬಲ್ಪಟ್ಟ ಕುಟುಂಬಗಳಲ್ಲಿ ಇಂತಹ ದಾಖಲೆ ಇರುವುದಾದರೂ ಹೇಗೆ? ಹಳೆಯ ಅರಣ್ಯ ದಾಖಲೆಗಳಲ್ಲಿ ಕುಮರಿಯವರೆಂದು ಬರೆದಿರುವುದನ್ನೇ ವಾಸ್ತವ್ಯದ ಪುರಾವೆಯೆಂದು ಒಪ್ಪಿಕೊಳ್ಳುವುದು ನ್ಯಾಯವಾದ ಕ್ರಮ.

ಪೂರ್ಣ ಕುಮರಿಯನ್ನು ಮರಳಿ ತರಬೇಕೆಂದು ನಾನು ವಾದಿಸುವುದಿಲ್ಲ. ಹನ್ನೆರಡು ವರ್ಷ ಹಕ್ಕಲು ಬಿಡುವಷ್ಟು ನೆಲ ಇಂದು ಯಾರ ಬಳಿಯೂ ಇಲ್ಲ. ಬೇಕಾದದ್ದು ಅದಕ್ಕಿಂತ ಸಣ್ಣ, ಖಚಿತ ಕೆಲಸ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ತಾಲೂಕುಗಳ ಒಂದೆರಡು ಗ್ರಾಮಗಳಲ್ಲಿ ಗ್ರಾಮ ಅರಣ್ಯ ಸಮಿತಿ ಮತ್ತು ಗ್ರಾಮಸಭೆ ಒಟ್ಟಿಗೆ ಕೂತು, ಹಿರಿಯರನ್ನು ಮುಂದಿಟ್ಟುಕೊಂಡು ತಮ್ಮ ಗುಡ್ಡದ ನಕಾಶೆ ಬರೆಯಬೇಕು. ನಕಾಶೆಯ ಮೇಲೆ ಮೊದಲು ಗುರುತಿಸಬೇಕಾದದ್ದು ಎಂದೆಂದಿಗೂ ಸುಡಬಾರದ ಜಾಗಗಳನ್ನು: ಕಾನು, ಜಡ್ಡಿ, ಹಳ್ಳದ ಎರಡು ದಡ, ದೇವರ ಬನ. ಅವುಗಳ ಸುತ್ತ ಡಿಸೆಂಬರಿನಲ್ಲೇ ತರಗೆಲೆ ಗುಡಿಸುವ ಕೂಲಿಯನ್ನು ಇಲಾಖೆಯ ಬೆಂಕಿ ರೇಖೆಯ ಅನುದಾನದಿಂದ ಕೊಡಬೇಕು. ಆಮೇಲೆ ಬ್ಯಾಣ, ಅಕೇಶಿಯಾ ತೋಪಿನ ಅಂಚು, ಯುಪಟೋರಿಯಂ ಹಬ್ಬಿದ ಒಣ ಇಳಿಜಾರುಗಳಲ್ಲಿ ಯಾವುದನ್ನು ಈ ವರ್ಷ, ಯಾವುದನ್ನು ಮೂರು ವರ್ಷಗಳ ನಂತರ ಸುಡಬೇಕು, ಯಾವುದನ್ನು ಸುಡುವ ಬದಲು ಕೊಯ್ಯಬೇಕು ಎಂದು ತೀರ್ಮಾನಿಸಬೇಕು. ಯುಪಟೋರಿಯಂ ಬೆಂಕಿಯ ನಂತರ ಬುಡದಿಂದ ಮತ್ತೆ ಚಿಗುರುವ ಗಿಡ, ಕಿತ್ತು ಹಾಕದೆ ಬರೀ ಸುಟ್ಟರೆ ಅದಕ್ಕೇ ಅನುಕೂಲ. ಸುಡುವ ದಿನಕ್ಕೆ ವಲಯ ಅರಣ್ಯಾಧಿಕಾರಿಯ ಲಿಖಿತ ಒಪ್ಪಿಗೆ ಇರಲಿ, ಹೊತ್ತು ಮತ್ತು ದಿಕ್ಕು ಹಚ್ಚುವವರ ತೀರ್ಮಾನವಾಗಿರಲಿ. ಸುಟ್ಟ ತುಂಡಿನಲ್ಲಿ ಮುಂದಿನ ಮಳೆಗಾಲದ ಬಳಿಕ ಯಾವ ಸಸಿ ಎದ್ದಿದೆ, ಯಾವುದು ಸತ್ತಿದೆ ಎಂಬುದನ್ನು ಶಿರಸಿಯ ಅರಣ್ಯ ಕಾಲೇಜಿನ ವಿದ್ಯಾರ್ಥಿಗಳು ಐದಾರು ವರ್ಷ ಎಣಿಸಿ ಬರೆದಿಡಲಿ. ಆ ಲೆಕ್ಕವನ್ನು ಪ್ರತಿ ನವೆಂಬರಿನ ಗ್ರಾಮಸಭೆಯಲ್ಲಿ ಓದಿ ಹೇಳಿ, ಅದರ ಮೇಲೆಯೇ ಮುಂದಿನ ಜನವರಿಯ ನಕಾಶೆಯನ್ನು ತಿದ್ದಬೇಕು.